ಉಗ್ರಾಣದ ಡಬ್ಬಿ ಹಿಡಿದ ಎರಡು ನಡುಕ

ನಾದಿನಿಯ ಬಾಣಂತನ ತವರಲ್ಲಿ ಆಗುತ್ತದೋ ಇಲ್ಲವೋ ಎಂಬುದು ಆ ಬೆಳಿಗ್ಗೆ ನಮ್ಮ ಉಗ್ರಾಣದ ಮೂಲೆಯ ಒಂದು ಡಬ್ಬಿಯನ್ನು ನೆಚ್ಚಿಕೊಂಡಿತ್ತು.

ಪಾಂಡವಪುರದ ಪಕ್ಕದ ನಮ್ಮೂರಲ್ಲಿ ಹಿಂದಿನ ವಾರ ನೆಲ ನಡುಗಿ, ಅಟ್ಟದ ಹಿತ್ತಾಳೆ ಪಾತ್ರೆಗಳು ಠಣ್ಣೆಂದಿದ್ದವು. ಕೆಲವರು ಭೂಕಂಪ ಎಂದರು, ಕೆಲವರು ಕ್ವಾರಿಯ ಸಿಡಿಮದ್ದು ಎಂದರು. ಸುದ್ದಿ ಮುಟ್ಟಿದ್ದೇ ತಡ, ನಾದಿನಿಯ ಅತ್ತೆ ಬಿಂಡಿಗನವಿಲೆಯಿಂದ ಬಸ್ಸು ಹತ್ತಿ ಬಂದುಬಿಟ್ಟರು.

“ಮದ್ದಾದ್ರೆ ವಸಿ ದಿನ ನಿಲ್ಸಿ ಅಂತ ಏಳ್ಬೋದು. ಭೂಮ್ತಾಯ್ಗೆ ಯಾರು ಏಳ್ತೀರಿ? ತುಂಬಿದ ಬಸ್ರೀನ ನಾನಂತೂ ಕಳ್ಸಾಕಿಲ್ಲ.”

“ಅಂಟಿನುಂಡೆಗೆ ಕೊಬ್ರಿ ತುರ್ದು ಮಡ್ಗಿವ್ನಿ,” ಎಂದರು ನಮ್ಮತ್ತೆ. “ಯಾರ್ಗೆ ತಿನ್ಸಲಿ, ನಿಮ್ಗಾ?”

ಅಷ್ಟರಲ್ಲಿ ಭೂಕಂಪದ ಸಂಶೋಧನೆ ಮಾಡುವ ಹುಡುಗಿ ಬಂದಳು. ನೆಲದ ನಡುಕ ದಾಖಲಿಸುವ ಆ ಡಬ್ಬಿಯನ್ನು ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಇಟ್ಟವಳು ಅವಳೇ. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದಳು. ನಾನು ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಪಕ್ಕದಲ್ಲೇ ಕುಳಿತೆ.

“ನೋಡಿ ಆಂಟಿ, ಹೋದ ವಾರದ್ದು.” ಗೆರೆ ಒಮ್ಮೆಗೇ ನೆಗೆದಿತ್ತು, ಹಿಂದೆ ಬಂದ ಅಲೆ ಸಪ್ಪಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರು ಮೇಜಿನ ಮೇಲೆ ಸ್ಪ್ರಿಂಗ್ ಹಿಡಿದು ತೋರಿಸಿದ್ದು ನೆನಪಾಯಿತು: ನೂಕುವ ಅಲೆ ಮುಂದೆ ಓಡುತ್ತದೆ, ಅಡ್ಡಡ್ಡ ಅಲ್ಲಾಡಿಸುವುದು ಹಿಂದೆ ಬರುತ್ತದೆ. ಅವಳೇ ಇಟ್ಟ, ನೆಟ್ಟಿನ ಮೂಲಕ ಅದೇ ಪರದೆಗೆ ಬರುವ ಸಂತೆಬಾಚಹಳ್ಳಿಯ ಡಬ್ಬಿಯಲ್ಲೂ ನಾಗಮಂಗಲದ್ದರಲ್ಲೂ ಗೆರೆ ಮೊದಲು ಮೇಲಕ್ಕೇ ಎದ್ದಿತ್ತು.

“ಸಿಡಿಮದ್ದು ಎಲ್ಲ ಕಡೆಗೂ ಹೊರಕ್ಕೇ ನೂಕುತ್ತೆ, ಗೆರೆ ಎಲ್ಲೆಡೆ ಮೇಲಕ್ಕೇ ಏಳುತ್ತೆ. ಭೂಕಂಪವಾದ್ರೆ ಕೆಲವು ಕಡೆ ನೂಕಿ ಕೆಲವು ಕಡೆ ಎಳೆಯುತ್ತೆ. ಇದು ಕ್ವಾರಿಯದೇ.”

ನಮ್ಮತ್ತೆಯ ಮುಖ ಅರಳಿತು. ಆದರೆ ನನ್ನ ಕಣ್ಣು ಪರದೆಯ ತುದಿಯಲ್ಲಿತ್ತು. ಅಲ್ಲಿ ಇನ್ನೊಂದು ಗೆರೆ: ಇರುವೆ ಹರಿದಂಥ ಸಣ್ಣ ಅದುರು, ಒಂದು ಬಿಡುವು, ಆಮೇಲೆ ಅದಕ್ಕಿಂತ ದೊಡ್ಡ ಓಲಾಟ. ಬೆರಳಿಟ್ಟು ತೋರಿಸಿದೆ. “ಇದು ಹಾಗಿಲ್ಲವಲ್ಲ?”

ಹುಡುಗಿ ಬಗ್ಗಿ ನೋಡಿದಳು. ಮೂರೂ ಡಬ್ಬಿಗಳ ಗೆರೆ ಹೋಲಿಸಿದಳು. ಒಂದರಲ್ಲಿ ಮೊದಲು ಮೇಲಕ್ಕೆ, ಎರಡರಲ್ಲಿ ಕೆಳಕ್ಕೆ. “ಅಯ್ಯೋ ಆಂಟಿ, ಸರಿಯಾಗೇ ಹಿಡಿದ್ರಿ! ಭೂಕಂಪ! ತುಂಬ ಪುಟ್ಟದು, ದೂರದ್ದು.”

ಅತ್ತೆ ನನ್ನ ತೊಡೆ ಚಿವುಟಿದರು, ಸುಮ್ಮನಿರು ಎಂದು. ಆದರೆ ಬೀಗಿತ್ತಿ ಕೇಳಿಸಿಕೊಂಡಾಗಿತ್ತು. “ಯಾವಾಗಂತೆ?”

ಮುಚ್ಚಿಡಲು ಮನಸ್ಸು ಬರಲಿಲ್ಲ. “ಈಗ ಸ್ವಲ್ಪ ಹೊತ್ತಿನ ಮುಂಚೆ, ಬೀಗರೇ. ನೀವು ಕಾಫಿ ಕುಡೀತಿದ್ರಿ.”

ಅವರು ಖಾಲಿ ಲೋಟವನ್ನು ಎತ್ತಿ ಒಳಗೆ ನೋಡಿದರು. ಕೆನೆ ಅಂಚಿಗೆ ಹಾಗೇ ಅಂಟಿತ್ತು.

“ಒಂದು ತೊಟ್ಟೂ ಚೆಲ್ನಿಲ್ವಲ್ಲ! ಇದಾ ಭೂಕಂಪ? ಇದ್ಕಾ ನಾನು ಎದುರ್ಕೊಂಡ್ ಬಂದಿದ್ದು?”

“ಪಾತ್ರೆ ಕುಣ್ಸಿದ್ದು ಆ ಕ್ವಾರಿಯೋನು ಕಣ್ರವ್ವ,” ಎಂದರು ಅತ್ತೆ.

ಬೀಗಿತ್ತಿ ಸೆರಗು ಸಿಕ್ಕಿಸಿ ಎದ್ದರು. “ಎಲ್ಲೈತೆ ಆ ಕ್ವಾರಿ? ಬಾಣಂತನ ಮುಗಿಯೋಗಂಟ ಮದ್ದು ಮುಟ್ಬ್ಯಾಡ ಅಂತ ನಾನೇ ಏಳ್ಬುಟ್ಟು ಬತ್ತೀನಿ. ಆಮೇಕ್ ಸೊಸೇನ ಕಳುಸ್ತೀನಿ.”

ಅತ್ತೆ ಚಪ್ಪಲಿಗೂ ಕಾಯದೆ ಹಿಂದೆಯೇ ಓಡಿದರು. ಹುಡುಗಿ ಲ್ಯಾಪ್‌ಟಾಪ್ ಮಡಚಿ ಹೊರಬಂದ ಮೇಲೆ ಉಗ್ರಾಣದ ಚಿಲಕ ಹಾಕಿ ನಾನೂ ಹೊರಟೆ. ನಮ್ಮ ದಡದಡ ಹೆಜ್ಜೆಗಳೂ ಆ ಡಬ್ಬಿಯಲ್ಲಿ ಗೆರೆಯಾಗಿರಬೇಕು.