ನಾಲ್ಕನೆಯ ಕಟ್ಟು

ಮರುಪರಿಶೀಲನೆಯ ನಿಯಮಗಳನ್ನು ನಲವತ್ತು ಜನ ಶಿಕ್ಷಕರಿಗೆ ವಿವರಿಸಲು ಎದ್ದು ನಿಂತೆ, ಗೌರವಕ್ಕೆಂದು ಲುಂಗಿಯ ಮೇಲೆ ಸೊಂಟಕ್ಕೆ ಸುತ್ತಿದ್ದ ಚಾಪೆ ಜಾರಿ ಕಾಲಬುಡಕ್ಕೆ ಬಿತ್ತು. ಟೊಂಗಾದಲ್ಲಿ ಸರ್ಕಾರಿ ನೌಕರ ಭಾಷಣ ಮರೆತು ಬಂದರೆ ಕ್ಷಮೆಯುಂಟು, ಚಾಪೆ ಕಳಚಿ ನಿಂತರೆ ಇಲ್ಲ. ಒಳಗೆ ಲುಂಗಿ ಭದ್ರವಾಗಿತ್ತು ಎನ್ನುವುದಷ್ಟೇ ಸಮಾಧಾನ. ಕಟ್ಟುವ ಹುರಿ ಹಿಂದಿನ ದಿನವೇ ಸವೆದಿತ್ತು. ಇಷ್ಟು ದೊಡ್ಡ ಹೊಟ್ಟೆಯನ್ನು ದಾಟಿ ಅದು ಎಲ್ಲಿಗೆ ಜಾರೀತು ಎಂದು ನಾನು ಧೈರ್ಯವಾಗಿದ್ದೆ.

ಎರಡನೆಯ ಸಾಲಿನಿಂದ ಲೊಸೇಲಿ ಎದ್ದು ಬಂದಳು. ಕಪ್ಪು ಉಡುಪು, ಅದರ ಮೇಲೆ ಎದೆಯಿಂದ ಪಾದದವರೆಗೆ ಸೂತಕದ ಹರಕು ಚಾಪೆ. ನಡೆದರೆ ಒಣಗರಿ ಸರಿದಾಡಿದ ಸದ್ದು. ಬಿದ್ದ ನನ್ನ ಚಾಪೆಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಅಂಚನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು.

"ಅಂಚು ಸಡಿಲ. ಹನ್ನೊಂದು."

"ಇಪ್ಪತ್ತಕ್ಕಾ?"

"ಮತ್ತಿನ್ನೆಷ್ಟಕ್ಕೆ?"

ಸಭೆ ಬಿದ್ದು ಬಿದ್ದು ನಕ್ಕಿತು. ಚಾಪೆ ನನ್ನ ಹೆಂಡತಿ ನೇಯ್ದದ್ದು. ಅವಳಿಗೆ ಇವತ್ತಿನವರೆಗೂ ಈ ಅಂಕ ತಿಳಿಸಿಲ್ಲ. ಲೊಸೇಲಿ ಮಾತ್ರ ನಗಲಿಲ್ಲ. ಗಂಡ ಸಾತೇಕಿ ತೀರಿಕೊಂಡು ಆರು ವಾರವಾಗಿತ್ತು. ಅಂದಿನಿಂದ ಅವಳು ನಕ್ಕಿದ್ದನ್ನು ಯಾರೂ ಕಂಡಿಲ್ಲ, ಅತ್ತಿದ್ದನ್ನೂ ಕಂಡಿಲ್ಲ.

ನಾನೂ ಅವಳೂ ಒಂದೇ ವರ್ಷ ತರಬೇತಿ ಮುಗಿಸಿದವರು. ಕಲಿಸಲು ಬಾರದ ನನ್ನನ್ನು ಕಚೇರಿಗೆ ಹಾಕಿದರು, ಅವಳನ್ನು ದ್ವೀಪದ ಪೂರ್ವ ತುದಿಯ ಶಾಲೆಗೆ ನೇಯ್ಗೆ ಪಾಠಕ್ಕೆ ಹಾಕಿದರು. ಮಕ್ಕಳ ಅಂತಿಮ ಅಂಕದಲ್ಲಿ ಅರ್ಧ ಪರೀಕ್ಷೆಯದು, ಅರ್ಧ ಶಾಲೆಯಲ್ಲೇ ಮಾಡಿದ ಕೆಲಸದ್ದು. ಆ ಎರಡನೆಯ ಅರ್ಧವನ್ನು ಟೀಚರ್ ಕೈಸಡಿಲ ಮಾಡಿ ಕೊಟ್ಟಿದ್ದಾರೋ, ಕೈಬಿಗಿ ಮಾಡಿದ್ದಾರೋ ಎಂದು ನೋಡುವುದು ನನ್ನ ಉದ್ಯೋಗ. ಪ್ರತಿ ಶಾಲೆಯಿಂದ ಐದು ಮಕ್ಕಳ ಹೆಸರು ಆರಿಸುತ್ತೇವೆ, ಅವರ ಕೆಲಸ ಕಟ್ಟು ಕಟ್ಟಿ ಬರುತ್ತದೆ, ನಾವು ಇನ್ನೊಮ್ಮೆ ತೂಗುತ್ತೇವೆ. ಇಪ್ಪತ್ತೇಳು ವರ್ಷದಲ್ಲಿ ಲೊಸೇಲಿ ಕೊಟ್ಟ ಒಂದು ಅಂಕವನ್ನೂ ನಾನು ಅಲ್ಲಾಡಿಸಲಾಗಲಿಲ್ಲ. ಅವಳ ಶಾಲೆಯ ಕಟ್ಟುಗಳು ಬಂದ ದಿನ ನಾನು ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದೆ.

ಅಂಕ ಹಾಕುವುದು ಅವಳಿಗೆ ಉಸಿರಾಟವಿದ್ದಂತೆ. ಪಾದ್ರಿಯ ಪ್ರವಚನಕ್ಕೆ ಹನ್ನೆರಡು. ಶಾಲೆಯ ಬಸ್ಸು ಓಡಿಸುತ್ತಿದ್ದ ಸಾತೇಕಿ ಭಾನುವಾರ ಮಣ್ಣೊಲೆಯಲ್ಲಿ ಕೆಸುವಿನೆಲೆ ಮಾಂಸ ಬೇಯಿಸಿದರೆ ಅದಕ್ಕೂ ಅಂಕ. ಅವನು ಅದನ್ನು ಕಾವಾ ಕುಡಿಯುವ ಕೂಟದಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದ: "ಉಪ್ಪಿಗೆ ಹದಿನೈದು ಬಂತು ಕಣ್ರೋ, ಬೇಯಿಸಿದ್ದಕ್ಕೆ ಒಂಬತ್ತು. ಮುಂದಿನ ವಾರ ನೋಡ್ತಿರಿ." ಹದಿನೆಂಟರ ಮೇಲೆ ಅವಳು ಯಾರಿಗೂ ಕೊಟ್ಟದ್ದಿಲ್ಲ.

ಈ ವರ್ಷದ ಪಟ್ಟಿಯಲ್ಲಿ ಲಾತಾಯ್ ಎಂಬ ಹುಡುಗಿಯ ಮುಂದೆ ಹತ್ತೊಂಬತ್ತು ಇತ್ತು. ಆರಿಸಿದ ಐದು ಹೆಸರಲ್ಲಿ ಅವಳದೂ ಬಂತು. ಕಟ್ಟುಗಳು ಬಂದಾಗ ನಾಲ್ಕನೆಯದನ್ನು ಬಿಚ್ಚಿದೆ. ಕಂದು ಕಾಗದವನ್ನು ನೀಟಾಗಿ ಮಡಚಲಾಗಿತ್ತು, ದಾರದ ಗಂಟು ಅಚ್ಚುಕಟ್ಟಾಗಿತ್ತು. ಒಳಗೆ ಒಂದು ಚೀಟಿ ಮಾತ್ರ. "ಲಾತಾಯ್. ಹತ್ತೊಂಬತ್ತು. ಚಾಪೆ ಇಲ್ಲ."

ಕೆಲಸ ಬಾರದಿದ್ದರೆ ಮಾಡಿಲ್ಲ ಎಂದೇ ಲೆಕ್ಕ. ಸೊನ್ನೆ. ಸೊನ್ನೆ ಬಿದ್ದರೆ ಲಾತಾಯ್ ಫೇಲು. ಅದೇ ತರಗತಿಯಲ್ಲಿ ಅವಳು ಆಗಲೇ ಎರಡನೆಯ ವರ್ಷ ಕೂತಿದ್ದಳು, ಮೂರನೆಯದಕ್ಕೆ ನಿಯಮವಿಲ್ಲ.

"ಸೊನ್ನೆ ಹಾಕಪ್ಪ, ಊಟಕ್ಕೆ ಹೋಗೋಣ," ಎಂದ ನಮ್ಮ ಮುಖ್ಯಸ್ಥ ಕಿಟಿಯೋನಾ. ನಾನು ಒಂದು ದಿನದ ಗಡುವು ಕೇಳಿದೆ. ನನ್ನ ಸೇವಾವಧಿಯಲ್ಲಿ ಊಟ ಮುಂದೂಡಿದ್ದು ಅದೇ ಮೊದಲು.

ಶಾಲೆಯ ಜಗುಲಿಯಲ್ಲಿ ಲೊಸೇಲಿ ಕೇದಿಗೆ ಗರಿಯನ್ನು ಸೀಳುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಿಸಿದೆ.

"ಯಾವ್ದಾದ್ರೂ ಒಂದು ಚಾಪೆ ಸುತ್ತಿ ಕಳಿಸಬಾರ್ದಿತ್ತೇನೆ? ಯಾರಿಗೆ ಗೊತ್ತಾಗ್ತಿತ್ತು?" ನಿಯಮ ಕಾಯುವವನ ಬಾಯಿಂದ ಬಂದ ಮಾತು ಇದು.

"ನಿಂಗಂತೂ ಗೊತ್ತಾಗ್ತಿರ್ಲಿಲ್ಲ." ಅದರಲ್ಲಿ ಅವಮಾನ ಮಾಡುವ ಉದ್ದೇಶವೇನೂ ಇರಲಿಲ್ಲ. "ಆದ್ರೆ ಬೇರೆ ಚಾಪೆಗೆ ಹತ್ತೊಂಬತ್ತು ಬರಲ್ಲ."

"ಅದೆಲ್ಲಿದೆ ಈಗ?"

"ಸಾತೇಕಿ ಹತ್ರ."

ಹಾಜರಿ ಕೂಗುವ ದನಿಯಲ್ಲಿ ಹೇಳಿದಳು. ಚಾಪೆಯನ್ನು ಮಂಗಳವಾರ ಮನೆಗೆ ತಂದು, ರಾತ್ರಿಯೇ ನೋಡಿ ಅಂಕ ಹಾಕಿದ್ದಳು. ಬುಧವಾರ ಬೆಳಿಗ್ಗೆ ಬಸ್ಸು ತೊಳೆಯುತ್ತಿದ್ದ ಸಾತೇಕಿ ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಹೆಣಕ್ಕೆ ಸುತ್ತಲು ನೆಂಟರು ತಂದ ಚಾಪೆಗಳ ರಾಶಿಗೆ ಯಾರೋ ಮನೆಯಲ್ಲಿದ್ದವನ್ನೂ ಸೇರಿಸಿದರು. ಸಾವಿನ ಮನೆಯಲ್ಲಿ ಸತ್ತವನ ಅಕ್ಕನದೇ ದರ್ಬಾರು, ಹೆಂಡತಿಯ ಮಾತು ನಡೆಯುವುದಿಲ್ಲ. ಅಕ್ಕ ತುಯಿಫುವಾ ರಾಶಿಯ ಮುಂದೆ ಕೂತು ಒಂದೊಂದನ್ನೇ ಎಳೆದಳು, ನೋಡಿದಳು, ಬದಿಗೆ ಎಸೆದಳು. ಕೊನೆಗೆ ಒಂದನ್ನು ಹಿಡಿದು, "ಇದು ಮೈಗೆ ತಾಗೋ ಹಾಗೆ ಸುತ್ತಿ, ಮಿಕ್ಕಿದ್ದೆಲ್ಲ ಆಮೇಲೆ," ಎಂದಳು.

"ಆಮೇಲಾದ್ರೂ ಹೇಳ್ಬೇಕಿತ್ತು."

"ಮರೆತೆ. ಅಂಕಪಟ್ಟಿ ಬರೆಯೋವಾಗ ನೆನಪಾಯ್ತು. ಅಷ್ಟೊತ್ತಿಗೆ ಮಣ್ಣಾಗಿತ್ತು."

"ಹುಡುಗಿಗೆ ಗೊತ್ತಾ?"

"ಹೇಳ್ದೆ. ಪರವಾಗಿಲ್ಲ ಟೀಚರ್ ಅಂದ್ಲು. ಹೋಗಿ ಬಾವಿ ಹಿಂದೆ ಕೂತ್ಕೊಂಡ್ಲು."

ರಾಶಿಯಲ್ಲಿ ಎಷ್ಟು ಚಾಪೆ ಇದ್ದವು ಎಂದು ಕೇಳಿದೆ. ಅಭ್ಯಾಸಬಲ.

"ಐವತ್ತಮೂರು."

"ಅಷ್ಟರಲ್ಲಿ ಇದನ್ನೇ ಆರಿಸಿದ್ಲಾ? ಯಾರು ನೇಯ್ದಿದ್ದು ಅಂತ ಗೊತ್ತಿಲ್ದೆ?"

"ಹೂಂ."

ನನ್ನ ತಲೆಯೊಳಗೆ ಏನೋ ಕದಲಿತು. ಅಪರೂಪದ ಘಟನೆಯಾದ್ದರಿಂದ ಚೆನ್ನಾಗಿ ನೆನಪಿದೆ. ನಮ್ಮ ನಿಯಮಗಳಲ್ಲಿ ಏಳನೆಯದು ಹೀಗಿದೆ: ಕೆಲಸವನ್ನು ತೋರಿಸುವುದು ಸಾಧ್ಯವೇ ಇಲ್ಲದಿದ್ದರೆ, ಅದನ್ನು ಕಣ್ಣಾರೆ ಕಂಡ ಇನ್ನೊಬ್ಬ ತಿಳಿದವರ ತೀರ್ಪನ್ನು ಸಹಿ ಸಮೇತ ಪಡೆಯತಕ್ಕದ್ದು. ಅಡುಗೆ ಪಾಠದ ಐದು ಮಕ್ಕಳ ಕೆಲಸವನ್ನು ಅಂಕ ಬರೆಯುವ ಮೊದಲೇ ನಾನು ತಿಂದು ಮುಗಿಸಿದ ವರ್ಷ ಸೇರಿಸಿದ ನಿಯಮ ಅದು.

ಅರ್ಜಿ ಹಿಡಿದು ಇಬ್ಬರೂ ತುಯಿಫುವಾಳ ಮನೆಗೆ ಹೋದೆವು. ಅವಳು ಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಅಕ್ಕಾ, ತಮ್ಮನ ಮೈಗೆ ಹಾಕಿದ ಚಾಪೆ, ಅದನ್ನೇ ಯಾಕೆ ಆರಿಸ್ದೆ?"

"ಯಾಕೆ ಅಂದ್ರೆ? ಕಣ್ಣಿಲ್ವಾ ನಂಗೆ?" ಚಾಕು ನನ್ನ ಕಡೆ ತಿರುಗಿತು. "ಎಳೆ ಎಲ್ಲ ಒಂದೇ ಅಗಲ. ಗರೀನ ಸಮುದ್ರದಲ್ಲಿ ಸರಿಯಾಗಿ ನೆನೆಸಿದಾರೆ, ಹಾಲಿನ ಬಿಳುಪು. ಎಳೆ ಸೇರಿಸಿರೋದು ಎಲ್ಲಿ ಅಂತ ಹುಡುಕಿದ್ರೂ ಸಿಗ್ಲಿಲ್ಲ. ಮಿಕ್ಕಿದ್ದೆಲ್ಲ ಹಂದಿ ಕಟ್ಟೋಕೆ ಆಗ್ಬಹುದು."

ನಮ್ಮ ಸಮಿತಿ ಮೂರು ವರ್ಷ ಕೂತು ಬರೆದ ಅಳತೆಗೋಲುಗಳೆಲ್ಲ ಅಷ್ಟರಲ್ಲಿ ಬಂದುಬಿಟ್ಟಿದ್ದವು. ಬರೆದುಕೊಂಡೆ.

"ಇಪ್ಪತ್ತಕ್ಕೆ ಎಷ್ಟು ಕೊಡ್ತೀಯಕ್ಕಾ?"

"ನನ್ನ ತಮ್ಮನಿಗೆ ಇಪ್ಪತ್ತೇ ಸಾಕಾ? ಮೂವತ್ತು ಬರ್ಕೋ."

"ಇಪ್ಪತ್ತರ ಮೇಲೆ ಹೋಗಂಗಿಲ್ಲ."

"ಹಾಗಾದ್ರೆ ಪೂರ್ತಿ ಬರ್ಕೋ, ಜಿಪುಣ. ಅದ್ಸರಿ, ಯಾರು ನೇಯ್ದಿದ್ದದು?"

"ಇವಳ ಶಾಲೆ ಹುಡುಗಿ."

ಚಾಕು ನಿಂತಿತು. "ಹುಡುಗೀದಾ?" ಲೊಸೇಲಿಯ ಕಡೆ ತಿರುಗಿದಳು. "ಹೇಳೋಕೆ ಬಾಯಿರ್ಲಿಲ್ವೇನೆ ನಿಂಗೆ?"

"ಅಳೋರು ಮಾತಾಡ್ಬಾರ್ದು ಅಂತ ನೀನೇ ಅಂದಿದ್ದೆ, ಅತ್ತಿಗೆ."

"ನೀನು ಅಳ್ತಾನೂ ಇರ್ಲಿಲ್ಲ!"

"ಹೂಂ," ಎಂದಳು ಲೊಸೇಲಿ. "ಇರ್ಲಿಲ್ಲ."

ತುಯಿಫುವಾ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಸಹಿ ಹಾಕಿದಳು. ಹಾಳೆಯ ಮೂಲೆಗೆ ಗೆಡ್ಡೆಯ ಮಣ್ಣು ಮೆತ್ತಿತು. ಕಿಟಿಯೋನಾ ಅದರ ಬಗ್ಗೆ ಏನಾದರೂ ಅಂದರೆ ಅನ್ನಲಿ ಎಂದು ಹಾಗೇ ಬಿಟ್ಟೆ.

ಬಸ್ಸು ಕಾಯುತ್ತ ಮಾವಿನ ಮರದಡಿ ನಿಂತು ಅರ್ಜಿಯ ಉಳಿದ ಕಲಂಗಳನ್ನು ತುಂಬಿದೆ. ಟೀಚರ್ ಕೊಟ್ಟದ್ದು ಹತ್ತೊಂಬತ್ತು, ಎರಡನೆಯವರು ಕೊಟ್ಟದ್ದು ಇಪ್ಪತ್ತು. ಎರಡು ಅಂಕದವರೆಗಿನ ವ್ಯತ್ಯಾಸಕ್ಕೆ ಟೀಚರ್ ಕೊಟ್ಟದ್ದೇ ನಿಲ್ಲುತ್ತದೆ. ಲಾತಾಯ್ ಪಾಸು. ಹಾಗೆಂದು ಲೊಸೇಲಿಗೆ ಹೇಳಿದೆ. ಅವಳು ತಲೆಯಾಡಿಸಿದಳು, ಬಸ್ಸು ಬರುವ ಹೊತ್ತಾಯಿತು ಎಂದು ಯಾರಾದರೂ ಹೇಳಿದರೆ ಆಡಿಸುವಷ್ಟೇ. ಬಂದ ಬಸ್ಸನ್ನು ಹೊಸ ಡ್ರೈವರ್ ಓಡಿಸುತ್ತಿದ್ದ. ಅವಳು ಆ ಕಡೆ ನೋಡಲಿಲ್ಲ.

ಕೊನೆಯ ಕಲಂ ಒಂದು ಖಾಲಿ ಉಳಿದಿತ್ತು: ಕಳೆದ ಅಂಕಕ್ಕೆ ಕಾರಣ.

"ಅಲ್ವೇ, ಅಷ್ಟು ಚೆನ್ನಾಗಿದ್ದಿದ್ದಕ್ಕೆ ಒಂದು ಅಂಕ ಯಾಕೆ ಕಳೆದೆ?"

"ಒಂದು ಮೂಲೆ ಸಡಿಲ ಇತ್ತು," ಎಂದಳು. "ಸಾತೇಕಿಗೆ ಸುತ್ತೋವಾಗ ಅದನ್ನ ಕಾಲಿನ ಕಡೆಗೆ ತಿರುಗಿಸ್ದೆ."