ಗಿಣಿಯ ಕೆಳಗೆ ನಾನೆಳೆದ ಗೀಟು

ನಾನು ಚಿಕ್ಕವಳಿದ್ದಾಗ, ಅಂದರೆ ಮುಂದಿನ ಹಲ್ಲು ಬಿದ್ದು ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿದ್ದ ವಯಸ್ಸಿನಲ್ಲಿ, ಒಂದು ದೊಡ್ಡ ಸುಳ್ಳು ಹೇಳಿದೆ. ಇದ್ದಿಲ ಚೂರಿನಿಂದ ಗೋಡೆಯ ಮೇಲೆ ಎಳೆದ ಸುಳ್ಳು ಅದು. ನಗಬ್ಯಾಡ್ರಿ ಮಕ್ಕಳ್ರಾ, ಪೂರಾ ಕೇಳ್ರಿ.

ಸದಲಗಾದಲ್ಲಿ ನಮ್ಮದು ಹಳೇ ವಾಡೆ. ನಾಲ್ಕು ಮನೆ, ನಡುವೆ ಒಂದೇ ಅಂಗಳ, ಒಂದೇ ಬಾವಿ. ದೊಡ್ಡ ಕಡಾಯಿ, ಶ್ಯಾವಿಗೆ ಮಣೆ, ಚಕ್ಕುಲಿ ಒತ್ತುವ ಹಿತ್ತಾಳೆಯ ಸೋರ್ಯಾ, ಇವೆಲ್ಲ ನಾಲ್ಕು ಮನೆಗೂ ಸೇರಿ ಒಂದೊಂದೇ. ಮೂಲೆಯ ಖೋಲಿಯಲ್ಲಿ ಮೊಳೆಗೆ ತೂಗುಬಿದ್ದಿರುತ್ತಿದ್ದವು. ಬಾಗಿಲು ತೆಗೆದರೆ ಹಳೇ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮ ಹೆಂಗಸರಿಗೆ ಓದು ಬರುತ್ತಿರಲಿಲ್ಲ, ಅದಕ್ಕೆ ಪ್ರತಿ ಮೊಳೆಯ ಪಕ್ಕ ನಾಲ್ಕು ಮನೆಗೆ ನಾಲ್ಕು ಚಿತ್ರ ಬರೆದಿದ್ದರು. ನಮ್ಮದು ಸೂರ್ಯ. ಎದುರು ಮನೆಯ ಕಾಕಿಯದು ಗಿಣಿ. ಸಾಮಾನು ಒಯ್ದವರು ಹಿಂದಿನವರ ಗೀಟು ಒರೆಸಿ ತಮ್ಮ ಚಿತ್ರದ ಕೆಳಗೆ ಒಂದು ಗೀಟು ಎಳೆಯಬೇಕು. ಮುರಿದರೆ, ಕಳೆದರೆ ಕೊನೆಯ ಗೀಟಿನವರೇ ಜವಾಬು ಕೊಡಬೇಕು.

ಆ ವರ್ಷ ಶ್ರಾವಣದಲ್ಲಿ ಕಾಕಿ ಜ್ವರ ಬಂದು ತೀರಿಕೊಂಡಳು. ಆಕೆಯ ಮಗಳನ್ನು ನಾನು ಅಕ್ಕ ಅಂತಿದ್ದೆ. ನನಗಿಂತ ಐದು ವರ್ಷ ದೊಡ್ಡವಳು, ಶಾಲೆಯಲ್ಲಿ ಬಲು ಶಾಣ್ಯಾಕಿ. ಸತ್ತವರ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ, ಎಣ್ಣೆಯ ಕಡಾಯಿ ಒಲೆಗೆ ಏರುವಂತಿಲ್ಲ. ಹಾಗಾಗಿ ಅಕ್ಕನೂ ರಾತ್ರಿ ಹೊಲದಲ್ಲೇ ಮಲಗುವ ಅವಳ ಅಪ್ಪನೂ ಖೋಲಿಯ ಕಡೆ ಬರುವುದನ್ನೇ ಬಿಟ್ಟಿದ್ದರು.

ದೀಪಾವಳಿ ಹತ್ತಿರ ಬಂತು. ಅವ್ವ ಮೊದಲ ಘಾಣ, ಅಂದರೆ ಮೊದಲ ಸುತ್ತಿನ ಚಕ್ಕುಲಿ ಕರಿದು ಸೋರ್ಯಾ ತೂಗುಹಾಕಿದ್ದಳು. ಸೋರ್ಯಾದ ಬಾಯಿಗೆ ನಕ್ಷತ್ರದ ತೂತಿರುವ ಒಂದು ಬಿಲ್ಲೆ ಇರುತ್ತದಲ್ಲ, ಅದರ ಮೇಲೆ ನನ್ನ ಕಣ್ಣು. ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ ಅದನ್ನು ಬಿಚ್ಚಿಕೊಂಡು ಬಾವಿಕಟ್ಟೆಯ ಹಸಿಮಣ್ಣಿನ ಮೇಲೆ ನಕ್ಷತ್ರ ಒತ್ತುತ್ತಾ ಕೂತೆ. ಕೈ ಜಾರಿತು. ಬುಳಕ್ ಅಂತು, ಅಷ್ಟೇ.

ಕೊನೆಯ ಗೀಟು ನಮ್ಮ ಸೂರ್ಯನ ಕೆಳಗೆ. ಅವ್ವ ಎಲ್ಲರ ಮುಂದೆ ಮಾತು ಕೇಳಬೇಕು, ಆಮೇಲೆ ನನ್ನ ಬೆನ್ನು ಮುರಿಯುತ್ತಾಳೆ. ನನ್ನ ಹಾಳು ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಸತ್ತವರನ್ನು ಯಾರೂ ಬೈಯುವುದಿಲ್ಲ! ನಮ್ಮ ಗೀಟನ್ನು ಲಂಗದ ತುದಿಯಿಂದ ಒರೆಸಿ ಗಿಣಿಯ ಕೆಳಗೆ ಕಪ್ಪಗೆ ಒಂದು ಗೀಟು ಎಳೆದು ಬಂದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ಸೋರ್ಯಾ ತರಲು ಹೋದವರು ಗಿಣಿಯ ಕೆಳಗೆ ಹೊಸ ಗೀಟು ಕಂಡು ಬರಿಗೈಯಲ್ಲಿ ಓಡಿಬಂದರು. ವಾಡೆಯ ಹೆಂಗಸರೆಲ್ಲ ಖೋಲಿಯ ಮುಂದೆ ಸೇರಿದರು. ಕಾಕಿಗೆ ಚಕ್ಕುಲಿ ಅಂದರೆ ಜೀವ, ಆಸೆ ಉಳಿದಿತ್ತು, ರಾತ್ರಿ ಬಂದು ಹೋಗಿದ್ದಾಳೆ ಎಂದು ಪಿಸುಗುಟ್ಟಿದರು. ಬಿಲ್ಲೆಯ ಸುದ್ದಿ ಯಾರೂ ಎತ್ತಲಿಲ್ಲ. ಅಕ್ಕ ಜನರನ್ನು ಸರಿಸಿಕೊಂಡು ಒಳಗೆ ಬಂದು ಆ ಗೀಟನ್ನು ನೋಡಿದಳು. ಬೆರಳು ಹತ್ತಿರ ಒಯ್ದಳು, ಮುಟ್ಟಲಿಲ್ಲ.

“ಅವ್ವ ಬಂದಿದ್ಲು,” ಅಂದಳು. “ನನ್ನ ಯಾಕ ಎಬ್ಬಸಲಿಲ್ಲ?”

ನಾನು ಅವ್ವನ ಸೆರಗಿನ ಹಿಂದೆ ಸರಿದೆ. ಅವತ್ತಿನಿಂದ ಅಕ್ಕ ಮನೆಯ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟಳು. ಹಗಲೆಲ್ಲ ಹೊಸ್ತಿಲ ಮೇಲೆ ಕೂತು ಖೋಲಿಯ ಕಡೆಗೇ ನೋಡುತ್ತಿದ್ದಳು. ಅವಳು ಕೂತಿದ್ದು ನೋಡಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹಬ್ಬ ಮುಗಿದ ಮೇಲೆ ಅಥಣಿಯಿಂದ ಅವಳ ಸೋದರಮಾವ ಬಂದ. ತನ್ನ ಮನೆಯಲ್ಲಿ ಇಟ್ಟುಕೊಂಡು ದೊಡ್ಡ ಶಾಲೆಗೆ ಹಾಕುತ್ತೇನೆ ಅಂದ. ಅಕ್ಕ ಒಲ್ಲೆ ಅಂದಳು. ತನ್ನ ಅವ್ವ ಮತ್ತೆ ಬಂದರೆ ಮನೆಯಲ್ಲಿ ಯಾರೂ ಇರುವುದಿಲ್ಲ ಅನ್ನುವುದೊಂದೇ ಅವಳ ಮಾತು. ನನಗೆ ತಡೆಯಲಾಗಲಿಲ್ಲ. ಮೊದಲು ಅಪ್ಪನಿಗೆ ಹೇಳಿದೆ. ಗೀಟು ನಾನೇ ಎಳೆದದ್ದು, ಬಿಲ್ಲೆ ಬಾವಿಯಲ್ಲಿದೆ ಅಂತ ಅತ್ತೆ. ಅಪ್ಪ ನನ್ನ ಹಣೆ ಮುಟ್ಟಿ ನೋಡಿ, ಹುಡುಗಿ ಹೆದರ್ಯಾಳ ಅಂದು ವಿಭೂತಿ ಹಚ್ಚಿದ. ಓಡಿಹೋಗಿ ಅಕ್ಕನ ಕಾಲು ಹಿಡಿದುಕೊಂಡು ಅದನ್ನೇ ಹೇಳಿದೆ.

ಅಕ್ಕ ಸಿಟ್ಟಾಗಲಿಲ್ಲ. “ನಾ ಅಥಣಿಗಿ ಹೋಗಲಿ ಅಂತ ಸುಳ್ಳ ಹೇಳಾಕತ್ತಿ ಹೌದಲ್ಲ?” ಅಂದು ನನ್ನ ಕಣ್ಣು ಒರೆಸಿದಳು.

ಮಾವ ಒಬ್ಬನೇ ಬಸ್ಸು ಹತ್ತಿದ. ಅಕ್ಕನ ಶಾಲೆ ಅಲ್ಲಿಗೇ ನಿಂತಿತು. ಅಯ್ಯ ನನ್ನ ಕರ್ಮವೇ, ನನ್ನ ಸುಳ್ಳನ್ನು ಇಡೀ ವಾಡೆ ನಂಬಿತು, ಖರೇ ಮಾತನ್ನು ಒಬ್ಬರೂ ನಂಬಲಿಲ್ಲ.

ನಿಮ್ಮ ಮನೆಯಲ್ಲಿ ಈಗ ಚಕ್ಕುಲಿ ಒತ್ತುವ ಸೋರ್ಯಾ ರಟ್ಟಿನ ಡಬ್ಬಿಯಲ್ಲಿ ಹೊಸದಾಗಿಯೇ ಕೂತಿದೆ. ಪಕ್ಕದ ಮನೆಯಲ್ಲೂ ಅಂಥದ್ದೇ ಇನ್ನೊಂದು. ಏನಾದರೂ ಕಳೆದರೆ ನಿಮ್ಮ ಅಮ್ಮ ಫೋನು ಒತ್ತುತ್ತಾಳೆ, ಮರುದಿನ ಬಾಗಿಲಿಗೆ ಬರುತ್ತದೆ. ಯಾರೂ ಯಾರಿಗೂ ಜವಾಬು ಕೊಡಬೇಕಿಲ್ಲ. ಒಳ್ಳೆಯದೇ ಆಯಿತು ಬಿಡಿ. ಅವತ್ತು ನಮ್ಮಲ್ಲೂ ಹಾಗೇ ಇದ್ದಿದ್ದರೆ ಅಕ್ಕ ಓದಿ ಮಾಸ್ತರಣಿ ಆಗಿರುತ್ತಿದ್ದಳು. ಆದರೆ ಹಾಗಿದ್ದರೆ ಅವಳು ನನಗೆ ಅಕ್ಕನೂ ಆಗುತ್ತಿರಲಿಲ್ಲವೇನೋ.

ಹೋದ ವರ್ಷ ಕಬ್ಬೂರಿನ ಮದುವೆಯಲ್ಲಿ ಅವಳು ಸಿಕ್ಕಿದ್ದಳು, ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು. ಪಕ್ಕಕ್ಕೆ ಕರೆದು ಮತ್ತೆ ಎಲ್ಲ ಹೇಳಿ ತಪ್ಪಾಯಿತು ಅಂದೆ. ಅವಳು ಪೂರಾ ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡಳು.

“ಇರ್ಲಿ ಬಿಡ,” ಅಂದಳು. “ಅವತ್ತ ನಾ ಹೋಗಿಬಿಟ್ಟಿದ್ರ, ಆಕಿ ತಿರುಗಿ ಬಂದಾಗ ಮನ್ಯಾಗ ಯಾರ ಇರ್ತಿದ್ರು?”

ಕಾಕಿ ತಿರುಗಿ ಬಂದಿದ್ದಳೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.