ಸಣ್ಣೇಗೌಡರ ಹೊಟ್ಟೆ

ಅಂತರಸಂತೆಯ ನಮ್ಮ ಔಷಧಿ ಅಂಗಡಿಗೆ ಸಣ್ಣೇಗೌಡರು ಬಂದರೆಂದರೆ ಬೆಂಚಿನ ಮೇಲೆ ಕೂತವರೆಲ್ಲ ಅವರ ಹೊಟ್ಟೆಯ ಸಮಾಚಾರ ಕೇಳಲೇಬೇಕು. "ಇವತ್ತೂ ಆಗ್ನಿಲ್ಲ ಕಣಪ್ಪ, ಕಲ್ಲು ಕಟ್ಟಿದಂಗದೆ" ಎಂದು ಹೊಟ್ಟೆ ಸವರುತ್ತಾ ಶುರುಮಾಡುತ್ತಾರೆ. ಒಂದು ವಾರ ಹೋಟೆಲಿನ ಪರೋಟ ಕಾರಣ, ಮುಂದಿನ ವಾರ ಬೋರ್‌ವೆಲ್ ನೀರು, ಆಮೇಲೆ ಬಿಪಿ ಮಾತ್ರೆ. ಎದ್ದ ತಕ್ಷಣ ಬಿಸಿನೀರು, ಊಟಕ್ಕೆ ಸೊಪ್ಪಿನ ಸಾರು, ಮಲಗುವಾಗ ಬಾಳೆಹಣ್ಣು. ಬೈಲಕುಪ್ಪೆಗೆ ಹೋಗಿ ಟಿಬೆಟನ್ ವೈದ್ಯರ ಕಹಿ ಗುಳಿಗೆಯನ್ನೂ ನುಂಗಿ ಬಂದಿದ್ದಾರೆ. ಯಾರು ಯಾವ ಮದ್ದು ಹೇಳಿದರೂ ಬೇಡವೆನ್ನುವವರಲ್ಲ. ಅವರು ಅತ್ತ ಹೋದ ಮೇಲೆ ನಾವು ನಗುತ್ತಿದ್ದೆವು. ಮೊನ್ನೆ ಅಂಗಡಿಗೆ ಬಂದಿದ್ದ ಹೊಸ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಬಂದಾಗ ಹೋಗದೆ ತಡೆದುಕೊಳ್ತೀರಾ ಗೌಡ್ರೇ?" ಎಂದರು. ಹೋದ ವರ್ಷ ನಸುಕಿನಲ್ಲಿ ಕಾಡಂಚಿನ ಬಯಲಿಗೆ ಹೋಗಿದ್ದ ಗೌಡರ ಹೆಂಡತಿ ತಾಯಮ್ಮನನ್ನು ಆನೆ ತುಳಿದು ಕೊಂದದ್ದು ನಮಗೆಲ್ಲ ಗೊತ್ತಿತ್ತು. ಅದಾದ ಮೇಲೆ ಗೌಡರು ಹಿತ್ತಲಲ್ಲಿ ಕಕ್ಕಸು ಕಟ್ಟಿಸಿದ್ದೂ ಗೊತ್ತಿತ್ತು. "ಮಂಡಿ ನೋಯ್ತದೆ, ಇತ್ಲಲ್ಲಿ ಒಂದು ಕಟ್ಸಿ ಅಂತ ಅವ್ಳು ವರ್ಸಗಟ್ಲೆ ಕೇಳುದ್ಲು ಕಣವ್ವ. ಅಷ್ಟು ದೊಡ್ಡ ಬಯ್ಲಿಲ್ವಾ ಅಂದ್ಬುಟ್ಟೆ" ಎಂದರು ಗೌಡರು, ಡಾಕ್ಟರಮ್ಮನ ಮುಖ ನೋಡದೆ. "ಈಗ ಕಟ್ಸಿವ್ನಿ. ಒಳಕ್ಕೋಗಿ ಬಾಗ್ಲಾಕ್ಕೊಂಡು ಕುಂತ್ರೆ ಅಳು ಬತ್ತದೆ. ಬ್ಯಾರೆ ಏನೂ ಬರಾಕಿಲ್ಲ."